ಮಚ್ಚೆ ಯಾವ ಕೆನ್ನೆಯ ಮೇಲೆ

ನಮ್ಮ ಭಾವನಿಗೆ ಎಡ ಯಾವುದು, ಬಲ ಯಾವುದು ಗೊತ್ತಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದು ಸುಳ್ಳು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅವರಿಗೆ ಗೊತ್ತಿದ್ದದ್ದು ತಾಮ್ರದ ತಗಡಿನ ಮೇಲಿನ ಎಡ ಬಲ. ನಾವು ಮಿಕ್ಕವರು ಬಾಳುತ್ತಿದ್ದದ್ದು ಕಾಗದದ ಮೇಲೆ. ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದಕ್ಕೆ ಇಳಿದಾಗ ಬಲಕ್ಕೆ ಬರುತ್ತದೆ. ಇಷ್ಟು ತಿಳಿದುಕೊಂಡರೆ ಮುಂದೆ ನಾನು ಹೇಳುವುದೆಲ್ಲ ತಿಳಿಯುತ್ತದೆ.

ಅವರು ಚಿತ್ರ ಅಚ್ಚು ಹಾಕುವ ಮನೆಯಲ್ಲಿ ಕೆಲಸಕ್ಕಿದ್ದರು. ಪುಸ್ತಕದ ಪ್ರೆಸ್ಸಲ್ಲ ಅದು. ಚಿತ್ರ ಬರೆಯುವವರು ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀಚಿ ತಂದುಕೊಡುತ್ತಿದ್ದರು. ಇವರು ಆ ಗೀರುಗಳಿಗೆಲ್ಲ ಮಸಿ ತುಂಬಿ, ಮೇಲೆ ಉಳಿದ ಮಸಿಯನ್ನು ಗಂಜಿ ಹಾಕಿದ ಬಟ್ಟೆಯಿಂದ ಒರೆಸಿ, ಕಡೆಗೆ ಬರಿಯ ಅಂಗೈಯಿಂದ ಒರೆಸಿ, ಒದ್ದೆ ಕಾಗದ ಹೊದಿಸಿ, ಅದರ ಮೇಲೆ ದಪ್ಪ ಕಂಬಳಿ ಹೊದಿಸಿ, ದೊಡ್ಡ ಚಕ್ರ ತಿರುಗಿಸಿ ಎರಡು ಉರುಳೆಗಳ ನಡುವೆ ಕಳಿಸುತ್ತಿದ್ದರು. ಆ ಕಡೆ ಬಂದ ಮೇಲೆ ಕಾಗದದ ಮೂಲೆ ಹಿಡಿದು ನಿಧಾನವಾಗಿ ಎತ್ತಬೇಕು. ಎತ್ತುವ ಕೆಲಸ ನನ್ನದು. ಕಾಗದ ನೆನೆಸುವುದು, ಹೆಚ್ಚಿನ ನೀರು ಒತ್ತಿ ತೆಗೆಯುವುದು, ಎತ್ತುವುದು. ನನ್ನ ಯಜಮಾನರು ತೀರಿಕೊಂಡ ಮೇಲೆ ಅಕ್ಕನೇ ನನ್ನನ್ನು ಮನೆಗೆ ಕರೆದುಕೊಂಡಳು. ಭಾವ ಕೆಲಸಕ್ಕೆ ಕರೆದುಕೊಂಡು ಹೋದರು. ಕೂತು ತಿನ್ನುವುದಕ್ಕಿಂತ ನಿಂತು ಕಾಗದ ಎತ್ತುವುದು ಮೇಲು.

ಅಚ್ಚಿನ ಮನೆಯವರು ಅವರನ್ನು ಉಲ್ಟಣ್ಣ ಎಂದು ಕರೆಯುತ್ತಿದ್ದರು. ಕಾರಣ ಇತ್ತು. ಬೀದಿಯಲ್ಲಿ ಯಾರಾದರೂ ಆಸ್ಪತ್ರೆಗೆ ದಾರಿ ಕೇಳಿದರೆ ಭಾವ ಎಡಕ್ಕೆ ಎನ್ನುವ ಕಡೆ ಬಲಕ್ಕೆ ಎಂದು, ಅವರನ್ನು ರೈಲ್ವೆ ಸ್ಟೇಷನ್ನಿಗೆ ಕಳಿಸಿಬಿಡುತ್ತಿದ್ದರು. ಹಾಗೆ ಹೋದವರು ಒಬ್ಬರೂ ತಿರುಗಿ ಬಂದು ದೂರು ಹೇಳಲಿಲ್ಲ. "ವಾಸಿ ಆಗಿರ್ಬೇಕು ಬಿಡು," ಎನ್ನುತ್ತಿದ್ದರು ಭಾವ. ಅಂಗಿಯ ಗುಂಡಿ, ಚಪ್ಪಲಿಯ ಜೋಡಿ, ಬಾಗಿಲಿನ ಚಿಲಕ, ಎಲ್ಲದಕ್ಕೂ ಅವರು ಒಂದು ಗಳಿಗೆ ನಿಂತು, ಇದು ತಗಡೋ ಕಾಗದವೋ ಎಂದು ಮನಸ್ಸಿನಲ್ಲೇ ಕೇಳಿಕೊಂಡು ಆಮೇಲೆ ಕೈ ಹಾಕುತ್ತಿದ್ದರು.

ಇನ್ನೆರಡು ಗುರುತು ಹೇಳಬೇಕು. ಒಂದು, ಅವರ ಎಡಗೆನ್ನೆಯ ಮೇಲೆ ಮೆಣಸಿನ ಕಾಳಿನಷ್ಟು ದೊಡ್ಡ ಮಚ್ಚೆ. ಎರಡು, ಎಡಗಿವಿ ಪೂರಾ ಕಿವುಡು. ಚಿಕ್ಕವರಿದ್ದಾಗ ಕಿವಿ ಸೋರಿ ಹೋದದ್ದು. ಅದಕ್ಕೆ ಅವರ ಜೊತೆ ನಡೆಯುವವರೆಲ್ಲ ಬಲಕ್ಕೆ ನಡೆಯಬೇಕು, ಕೂರುವವರು ಬಲಕ್ಕೆ ಕೂರಬೇಕು. ಇದು ನಮ್ಮ ಮನೆಯ ಕಾನೂನು.

ಈ ಕಾನೂನು ಒಂದೇ ಒಂದು ಕಡೆ ಮುರಿದಿತ್ತು, ಅದೂ ಗೋಡೆಯ ಮೇಲೆ, ಚೌಕಟ್ಟಿನೊಳಗೆ. ಮದುವೆಯಾದ ಹೊಸದರಲ್ಲಿ ಅಕ್ಕ ಭಾವ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡಿದ್ದರು. ಅಕ್ಕ ಅಭ್ಯಾಸದಂತೆ ಬಲಕ್ಕೆ ಹೋಗಿ ನಿಂತಳಂತೆ. ಭಾವ ಅವಳ ರೆಟ್ಟೆ ಹಿಡಿದು ಎಡಕ್ಕೆ ನಿಲ್ಲಿಸಿದರಂತೆ. ಚಿತ್ರ ಎಂದ ಮೇಲೆ ತಿರುಗಿಯೇ ಬರುತ್ತದೆ, ಎಡಕ್ಕೆ ನಿಲ್ಲಿಸಿದರೆ ಹೆಂಡತಿ ಬಲಕ್ಕೆ ಬರುತ್ತಾಳೆ, ಬಾಳು ಪೂರ್ತಿ ಕೇಳುವ ಕಿವಿಯ ಹತ್ತಿರ ಇರುತ್ತಾಳೆ ಎಂದು ಅವರ ಲೆಕ್ಕಾಚಾರ. ಪ್ರೀತಿಯಿಂದ ಮಾಡಿದ್ದೇ. ಆದರೆ ಫೋಟೋ ತಿರುಗಲಿಲ್ಲ. ಅಕ್ಕ ಎಡಕ್ಕೇ ಉಳಿದಳು, ಕಿವುಡು ಕಿವಿಯ ಹತ್ತಿರ, ಬಾಯಿ ಅರ್ಧ ತೆರೆದುಕೊಂಡು. ಸ್ಟುಡಿಯೋದವನು ಬೆಳಕು ಹೊಡೆಯುವಾಗ ಅವಳು, "ರೀ, ಇಲ್ಲಿ ಯಾಕೆ ನಿಲ್ಲಿಸಿದ್ರಿ," ಎಂದು ಕೇಳುತ್ತಿದ್ದಳಂತೆ.

"ಇವತ್ತಿಗೂ ಕೇಳ್ತಾನೇ ಇದೀನಿ ಅಲ್ಲಿ," ಎನ್ನುತ್ತಿದ್ದಳು ಅಕ್ಕ, ಫೋಟೋದ ಧೂಳು ಒರೆಸುವಾಗಲೆಲ್ಲ. "ಇವರಿಗೆ ಇವತ್ತಿಗೂ ಕೇಳಿಸಿಲ್ಲ."

ಆ ಮಾತಿನಲ್ಲಿ ನಗು ಎಷ್ಟು, ನೋವು ಎಷ್ಟು ಎಂದು ನಾನು ಅಳೆಯಲು ಹೋಗಿರಲಿಲ್ಲ. ಆ ಚಿತ್ರಗಳು ಬಂದ ಮೇಲೆ ಗೊತ್ತಾಯಿತು.

ಚಿತ್ರಶಾಲೆಯ ಮೇಡಂ ಒಬ್ಬರು ಮೂರು ಹಳೆಯ ಅಚ್ಚುಗಳನ್ನು ಹತ್ತಿಯಲ್ಲಿ ಸುತ್ತಿ ತಂದರು. ಒಂದು ತಾಮ್ರದ ತಗಡು, ಮುನ್ನೂರು ವರ್ಷ ಹಳೆಯದು. ಒಂದು ಮರದ ಅಚ್ಚು, ಇನ್ನೂರು ವರ್ಷದ್ದು. ಇನ್ನೊಂದು ಕಲ್ಲಚ್ಚಿನ ಕಲ್ಲು, ಅದು ನೂರು ವರ್ಷದ್ದು. ಬರೆದ ಕಲಾವಿದರು ಬೇರೆ ಬೇರೆ ಕಾಲದವರು, ಬೇರೆ ಬೇರೆ ದೇಶದವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ನೋಡಿದರೆ ಮೈ ಜುಮ್ಮೆನ್ನುವ ಚಿತ್ರಗಳನ್ನೇ ಆರಿಸಿ ಪ್ರದರ್ಶನ ಇಡಬೇಕೆಂದು ಮೇಡಂಗೆ ಆಸೆ. ಹೊಸದಾಗಿ ಅಚ್ಚು ತೆಗೆದುಕೊಡಬೇಕು ಎಂದರು.

ಮೊದಲು ತಾಮ್ರದ್ದು. ಭಾವ ಮಸಿ ತುಂಬಿದರು, ಒರೆಸಿದರು, ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಮತ್ತೆ ಒರೆಸಿದರು, ಚಕ್ರ ತಿರುಗಿಸಿದರು. ನಾನು ಮೂಲೆ ಹಿಡಿದು ಎತ್ತಿದೆ.

ಒಂದು ಚೌಕ. ಜನವೋ ಜನ. ಅಷ್ಟೂ ಜನ ತಲೆ ಮೇಲೆತ್ತಿ, ಬಾಯಿ ತೆರೆದು, ಹೆದರಿ ಆಕಾಶ ನೋಡುತ್ತಿದ್ದಾರೆ. ಆಕಾಶದಲ್ಲಿ ಏನೂ ಇಲ್ಲ. ಬಿಳಿ ಕಾಗದ ಅಷ್ಟೆ. ಆ ಜನರ ನಡುವೆ ಒಬ್ಬನು ಮಾತ್ರ ಮೇಲೆ ನೋಡದೆ ನೆಟ್ಟಗೆ ನನ್ನನ್ನೇ ನೋಡುತ್ತಿದ್ದ. ಅದು ನಮ್ಮ ಭಾವ.

ಕಣ್ಣು ಮಬ್ಬಾಗಿರಬೇಕು ಎಂದುಕೊಂಡೆ. ಸೆರಗಿನಿಂದ ಕಣ್ಣೊರೆಸಿ ಮತ್ತೆ ನೋಡಿದೆ. ಅದೇ ಸೊಟ್ಟ ಮೂಗು, ಅದೇ ಅಗಲ ಹಣೆ, ಏನೋ ಮರೆತು ಬಂದವರ ಹಾಗೆ ಅದೇ ನಿಂತ ಭಂಗಿ. ಕೆನ್ನೆಯ ಮೇಲೆ ಮಚ್ಚೆ. ಅವನ ಮೊಣಕೈ ಹಿಡಿದು ಒಬ್ಬಳು ಹೆಂಗಸು, ಕಿವಿಯ ಹತ್ತಿರ ಬಾಯಿ ಇಟ್ಟುಕೊಂಡು ಏನೋ ಹೇಳುತ್ತಿದ್ದಾಳೆ.

ನಾನು ಭಾವನ ಬಲಕ್ಕೆ ಹೋಗಿ ಕೇಳಿದೆ, "ಭಾವ, ಇದು ನೀವಲ್ವಾ?"

ಅವರು ತುಂಬ ಹೊತ್ತು ನೋಡಿದರು. "ಅಂಗಿ ನಂದಲ್ಲ," ಎಂದರು.

ಮೇಡಂ ಕನ್ನಡಕ ಹಾಕಿಕೊಂಡು ಒಮ್ಮೆ ಚಿತ್ರ ನೋಡಿದರು, ಒಮ್ಮೆ ಭಾವನನ್ನು ನೋಡಿದರು. "ಸ್ವಲ್ಪ ಆ ಕಡೆ ತಿರುಗಿ," ಎಂದರು. ಭಾವ ಈ ಕಡೆ ತಿರುಗಿದರು. ಆಮೇಲೆ ಮೇಡಂ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಮರದ ಅಚ್ಚು ತೆಗೆದೆವು. ಒಂದು ಹಾಳು ಬಾವಿ. ಬಾವಿಯೊಳಗಿಂದ ಒಂದು ದೆವ್ವ ಏಳುತ್ತಿದೆ, ಒದ್ದೆ ಕೂದಲು, ಕಾಲಿಲ್ಲ, ಕೈಯಲ್ಲಿ ಬಿಚ್ಚಿದ ಕೊಡೆ. ಅದರ ಮುಖ ಭಾವನದು. ಕಲ್ಲಚ್ಚು ತೆಗೆದೆವು. ಒಂದು ಬೀದಿ, ಮನೆಯೊಂದು ಕಾಲು ಬಂದು ಎದ್ದು ನಡೆದು ಹೋಗುತ್ತಿದೆ, ಜನ ಅಟ್ಟಿಸಿಕೊಂಡು ಓಡುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ತಲೆಯ ಮೇಲೆ ಕುರ್ಚಿ ಹೊತ್ತು ಓಡುವವನು ಭಾವ. ಅವನ ಮೊಣಕೈ ಹಿಡಿದುಕೊಂಡು, ಕಿವಿಗೆ ಬಾಯಿ ಇಟ್ಟುಕೊಂಡು, ಅದೇ ಹೆಂಗಸು. ಇನ್ನೂರು ವರ್ಷದಲ್ಲಿ ಸ್ವಲ್ಪ ಮೈ ತುಂಬಿಕೊಂಡಿದ್ದಳು.

ಪ್ರದರ್ಶನ ಶುರುವಾಯಿತು. ಚಿತ್ರಗಳನ್ನು ಗೋಡೆಗೆ ಹಾಕಿ, ಕೆಳಗೆ ಮೇಜಿನ ಮೇಲೆ ತಗಡು, ಮರ, ಕಲ್ಲು ಇಟ್ಟು, ಪಕ್ಕದಲ್ಲಿ ನಮ್ಮ ಚಿಕ್ಕ ಯಂತ್ರವನ್ನೂ ಇಟ್ಟು, ಜನರೆದುರಿಗೇ ಭಾವ ಅಚ್ಚು ತೆಗೆಯುವುದೆಂದು ಮೇಡಂ ಏರ್ಪಾಡು ಮಾಡಿದರು. ಜನ ಬಂದರು. ಚಿತ್ರ ನೋಡಿ, ಭಾವನನ್ನು ನೋಡಿ, ಮತ್ತೆ ಚಿತ್ರ ನೋಡಿ, ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಒಬ್ಬರು ಅವರ ಕೈ ಮುಟ್ಟಿ ನೋಡಿದರು. ಇನ್ನೊಬ್ಬರು, "ಆಗ ಆಕಾಶದಲ್ಲಿ ಏನಿತ್ತು ಸ್ವಾಮಿ?" ಎಂದು ಕೇಳಿದರು.

"ನಾನು ಮೇಲೆ ನೋಡ್ಲಿಲ್ವಲ್ಲ," ಎಂದರು ಭಾವ.

ನಮ್ಮ ಭಾವನನ್ನು ಅಲ್ಲಿಯ ತನಕ ಯಾರೂ ತಿರುಗಿ ನೋಡಿದ್ದಿಲ್ಲ. ಚಿತ್ರದ ಕೆಳಗೆ ಬರೆದವರ ಹೆಸರಿರುತ್ತದೆ, ಒತ್ತಿದವರ ಹೆಸರು ಎಲ್ಲಿರುತ್ತದೆ. ಕೂದಲು ಹಣ್ಣಾದ ಮೇಲೆ ಮೊದಲ ಸಲ ಜನ ಅವರ ಮುಖ ನೋಡಲು ಸಾಲುಗಟ್ಟಿ ನಿಂತರು. ಅವರು ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಚಿತ್ರದಲ್ಲಿ ನಿಂತ ಹಾಗೆಯೇ ನಿಲ್ಲುವುದನ್ನು ಕಲಿತರು. ಮನೆಯಲ್ಲೂ ಹಾಗೆಯೇ ನಿಲ್ಲುತ್ತಿದ್ದರು. ಬೇಳೆ ಬೇಯುವುದನ್ನು ಕಾಯುವಾಗಲೂ ಹಾಗೆಯೇ.

ಅಕ್ಕನಿಗೆ ನೋಡಬೇಕೆನಿಸಿತು. ಒಂದು ಮಧ್ಯಾಹ್ನ ಕರೆದುಕೊಂಡು ಹೋದೆ. ನಮ್ಮ ಪಕ್ಕದ ಮನೆಯ ದರ್ಜಿಯೂ ಜೊತೆಗೆ ಬಂದ. ಅವನು ಕರೆಯದೆ ಎಲ್ಲ ಕಡೆಗೂ ಬರುವವನು.

ಅಕ್ಕ ಬಾವಿಯ ದೆವ್ವ ನೋಡಿ ನಕ್ಕಳು. "ಇದೊಂದು ಚೆನ್ನಾಗಿದೆ. ಒಬ್ರೇ ಇದಾರೆ. ಕೊಡೆ ಮರೀದೆ ತಂದಿದಾರೆ." ಆಮೇಲೆ ಚೌಕದ ಚಿತ್ರದ ಮುಂದೆ ನಿಂತಳು. ಅಡಿಗೆಗೆ ಮುಂಚೆ ಅಕ್ಕಿ ಆರಿಸುವ ಹಾಗೆ ಒಂದೊಂದೇ ಮುಖ ನೋಡುತ್ತ ಬಂದಳು. ಭಾವನ ಹತ್ತಿರ ಬಂದು ನಿಂತಳು.

"ಇವರಲ್ಲ ಇದು," ಎಂದಳು. "ಇವರ ಮಚ್ಚೆ ಎಡಗೆನ್ನೇಲಿದೆ. ಇವನದು ಬಲಗೆನ್ನೇಲಿದೆ. ಯಾರೋ ಪಾಪ." ಆಮೇಲೆ ಆ ಹೆಂಗಸನ್ನು ನೋಡಿ ಅವಳ ದನಿ ಮೆತ್ತಗಾಯಿತು. "ನೋಡೇ, ಇವಳೂ ಎಡಗಡೆಗೇ ನಿಂತಿದಾಳೆ. ನನ್ನ ಹಾಗೇನೆ. ಹೇಳಮ್ಮ ಹೇಳು. ಕೇಳೋರು ಯಾರಿದಾರೆ."

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಭಾವನಿಗೆ ಬಲಗಿವಿಯಲ್ಲಿ ಕೇಳಿಸಿಬಿಟ್ಟಿತು. ಸುತ್ತ ಜನ ಬೇರೆ ನಿಂತಿದ್ದರು. ತಾನಲ್ಲ ಎಂದು ಸ್ವಂತ ಹೆಂಡತಿಯೇ ಹೇಳಿದರೆ ಯಾರು ತಡೆದುಕೊಂಡಾರು.

"ನಿಂಗೆ ಗೊತ್ತಾಗಲ್ಲ," ಎಂದರು. "ಕಾಗದದ ಮೇಲೆ ತಿರುಗಿ ಬರುತ್ತೆ. ತಗಡು ನೋಡು, ಬಾ ಇಲ್ಲಿ." ಅವಳ ಕೈ ಹಿಡಿದು ಮೇಜಿನ ಹತ್ತಿರ ಕರೆದುಕೊಂಡು ಹೋದರು. "ಇವನು ಎದುರಿಗೆ ನಿಂತಿದ್ದಾಗ ನೋಡಿ ಬರೆದದ್ದು ಇದರ ಮೇಲೆ. ಇಲ್ಲಿ ಮಚ್ಚೆ ಎಲ್ಲಿದೆ? ಎಡಗೆನ್ನೆ. ಒತ್ತಿದಾಗ ಬಲಕ್ಕೆ ಬಂತು. ಅಂದ್ರೆ ನಿಜವಾಗಿ ಅವನ ಮಚ್ಚೆ ಎಡಕ್ಕೇ ಇದ್ದದ್ದು. ನನ್ನದೂ ಎಡಕ್ಕೇ. ನಾನೇ ಇದು."

ಜನರೆಲ್ಲ ತಲೆದೂಗಿದರು. ಮೇಡಂ, "ಅದು ನಿಜ," ಎಂದರು. ದರ್ಜಿ ಒಂದು ಸಲ ಕೈ ಚಪ್ಪಾಳೆ ತಟ್ಟಿದ.

ಅಕ್ಕ ತಗಡಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. "ಮಚ್ಚೆ ತಿರುಗಿತು," ಎಂದಳು.

"ಹೂಂ."

"ಅವಳೂ ತಿರುಗಿದಳು ಅಂತಾಯ್ತು."

ಭಾವ ತಾವೂ ತಗಡಿನ ಮೇಲೆ ಬಾಗಿದರು.

"ಕಾಗದದಲ್ಲಿ ಎಡಕ್ಕಿದ್ರೆ, ನಿಜದಲ್ಲಿ ಬಲಕ್ಕೆ ನಿಂತಿದ್ದಳು. ಕೇಳೋ ಕಿವಿ ಹತ್ರ." ಅಕ್ಕ ನೆಟ್ಟಗಾದಳು. "ನನ್ನ ಫೋಟೋ ತಿರುಗಲಿಲ್ಲ. ಅವಳಿಗೆ ಮಾತ್ರ ತಿರುಗಿತು."

ದರ್ಜಿ ಬೆಂಕಿಗೆ ತುಪ್ಪ ಸುರಿದ. "ಆ ಕಲ್ಲಿನ ಚಿತ್ರದಲ್ಲೂ ಅವಳೇ ಅಲ್ವಾ ಅಕ್ಕಾರೇ?"

ಅಕ್ಕ ಆ ಚಿತ್ರಕ್ಕೆ ಹೋಗಿ ನೋಡಿದಳು. "ಇನ್ನೂರು ವರ್ಷ ಆದ್ರೂ ಇವಳಿಗೆ ಹೇಳಿ ಮುಗಿದಿಲ್ಲ," ಎಂದಳು. ಆಮೇಲೆ ಗಂಡನ ಬಲಕ್ಕೆ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು, "ಏನು ಹೇಳಿದಳು ನಿಮ್ಮ ಕಿವೀಲಿ?"

ನಮ್ಮ ಭಾವ ಸುಳ್ಳು ಹೇಳುವವರಲ್ಲ. ಕೇಳಿದ ಪ್ರಶ್ನೆಗೆ ಯೋಚನೆ ಮಾಡಿ ಉತ್ತರ ಕೊಡುವವರು. ಹಣೆ ಗಂಟಿಕ್ಕಿ, ನೆಲ ನೋಡಿ, ನಿಜವಾಗಿಯೂ ಯೋಚನೆ ಮಾಡಿದರು.

"ನೆನಪಿಲ್ಲ," ಎಂದರು.

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ನೆನಪಿಲ್ಲ ಎಂದರೆ ಅವಳು ಹೇಳಿದ್ದಳು ಎಂದಾಯಿತು, ಇವರು ಕೇಳಿಸಿಕೊಂಡಿದ್ದರು ಎಂದಾಯಿತು. ಅಕ್ಕ ಸೆರಗು ಹೊದ್ದುಕೊಂಡು ಹೊರಟಳು.

ಅಂದಿನಿಂದ ಅಕ್ಕ ಗಂಡನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ಅವಳು ಎಡಗಿವಿಗೆ ಮಾತಾಡಲು ಶುರು ಮಾಡಿದಳು. ಬೆಳಿಗ್ಗೆ ಎದ್ದು ಎಡಕ್ಕೆ ಬಂದು ನಿಂತು ನೀರು ಕಾದಿದೆ ಎನ್ನುವಳು, ಸೋಪು ಮುಗಿದಿದೆ ಎನ್ನುವಳು, ಮೇಲಿನ ಮನೆಯವರ ಕೊಳಾಯಿ ಸೋರುವ ವಿಷಯ ಹೇಳುವಳು, ಅವರ ತಾಯಿಯ ಗುಣಗಾನ ಮಾಡುವಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಭಾವ ತುಟಿ ಅಲ್ಲಾಡುವುದನ್ನು ನೋಡಿ ಬಲಗಿವಿ ತಿರುಗಿಸುವರು. ಅಕ್ಕ ಸುತ್ತಿ ಬಂದು ಮತ್ತೆ ಎಡಕ್ಕೆ ನಿಲ್ಲುವಳು. ಅವರು ಮತ್ತೆ ತಿರುಗುವರು. ನಮ್ಮದು ಚಿಕ್ಕ ಅಡಿಗೆಮನೆ, ನಡುವೆ ಮೇಜು. ಇಬ್ಬರೂ ಆ ಮೇಜಿನ ಸುತ್ತ ಅಚ್ಚಿನ ಚಕ್ರದ ಹಾಗೆ ತಿರುಗುತ್ತಿದ್ದರು. ನಾನು ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿರುತ್ತಿದ್ದೆ.

"ಏನಂತೆ?" ಎಂದು ಭಾವ ನನ್ನನ್ನು ಕೇಳುವರು.

"ಹೇಳ್ಬೇಡ ಕಣೇ," ಎನ್ನುವಳು ಅಕ್ಕ. "ಅವಳು ಹೇಳಿದ್ದು ಮೊದಲು ನೆನಪು ಮಾಡ್ಕೊಳ್ಲಿ, ಆಮೇಲೆ ನಂದು."

ನಾನು ಅಕ್ಕನಿಗೆ ಬುದ್ಧಿ ಹೇಳಿದೆ. ಮುನ್ನೂರು ವರ್ಷದ ಹಿಂದಿನ ಚಿತ್ರ, ಭಾವನಿಗೆ ಈಗಷ್ಟೆ ಅರವತ್ತು ದಾಟಿದೆ, ಹೇಗಾದೀತು ಎಂದೆ.

"ಅದನ್ನ ನಂಗೇನು ಹೇಳ್ತೀಯ? ನಾನೇ ಇದು ಅಂತ ಎಲ್ಲರ ಮುಂದೆ ಹೇಳಿದ್ದು ಯಾರು? ನಾನು ಅಲ್ಲ ಅಂದೆ. ಬಿಟ್ಟುಕೊಟ್ರಾ?"

ಕೂಡಿಸಿ ನೋಡಿದರೆ ಅವಳ ಮಾತೇ ಸರಿ. ಭಾವ ಆ ಚಿತ್ರದಲ್ಲಿ ಇದ್ದರೆ ಅವಳೂ ಬಲಕ್ಕೆ ಇದ್ದಳು. ಅವಳು ಬಲಕ್ಕಿಲ್ಲ ಎಂದರೆ ಭಾವ ಚಿತ್ರದಲ್ಲೇ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಭಾವ ಎರಡನ್ನೂ ಇಟ್ಟುಕೊಳ್ಳಲು ನೋಡಿದರು. ತಗಡಿನ ಒಂದು ಗೀರನ್ನೂ ಮುಟ್ಟುವ ಹಾಗಿಲ್ಲ, ಅದು ಬೇರೆಯವರ ಕೈ ಬರೆದದ್ದು. ಸತ್ತವರ ಗೀರು ಅಳಿಸಿದವನ ಕೈ ಸೇದಿಹೋಗುತ್ತದೆ ಎನ್ನುತ್ತಿದ್ದರು. ಅದಕ್ಕೆ ತೆಳುವಾದ ಕಾಗದವನ್ನು ಆ ಹೆಂಗಸಿನ ಆಕಾರಕ್ಕೇ ಕತ್ತರಿಸಿ, ತಗಡಿನಲ್ಲಿ ಅವಳ ಮೇಲೆ ಮುಚ್ಚಿ, ಒಂದು ಅಚ್ಚು ತೆಗೆದರು. ನಾನು ಎತ್ತಿದೆ. ಜನ ಇದ್ದರು, ಭಾವ ಇದ್ದರು, ಅವಳಿರಲಿಲ್ಲ. ಅವಳಿದ್ದ ಕಡೆ ಬೆಳ್ಳಗೆ, ಹೆಂಗಸಿನ ಆಕಾರದ ಒಂದು ತೂತು, ಭಾವನ ಮೊಣಕೈ ಹಿಡಿದುಕೊಂಡು ನಿಂತಿತ್ತು. ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಭಾವ ಸಂತೋಷದಿಂದ ಅದನ್ನು ಮನೆಗೆ ತಂದು ಮದುವೆ ಫೋಟೋ ಪಕ್ಕ ಮೊಳೆ ಹೊಡೆದು ಹಾಕಿದರು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ದರ್ಜಿಯನ್ನು ಕರೆದಳು, ಅಳತೆ ಟೇಪು ಸಮೇತ.

"ಇದು ಎಷ್ಟು ಅಳತೆ ನೋಡಪ್ಪ."

ದರ್ಜಿ ಅಳೆದ. "ಮಧ್ಯಮ ಅಳತೆ ಅಕ್ಕಾರೇ. ನಮ್ಮ ಮನೆಯವಳಿಗೆ ಸರಿಹೋಗುತ್ತೆ. ಮೂರನೇ ಮನೆಯವರಿಗೂ ಸರಿಹೋಗುತ್ತೆ. ಭುಜ ಸ್ವಲ್ಪ ಬಿಟ್ಟರೆ ನಿಮ್ಮ ತಂಗೀಗೂ ಆಗುತ್ತೆ."

"ಕೇಳಿದ್ರಾ?" ಎಂದಳು ಅಕ್ಕ ಎಡಗಿವಿಗೆ. "ಮೊದಲು ಒಬ್ಬಳ ಮುಖ ಇತ್ತು. ಈಗ ಯಾರು ಬೇಕಾದ್ರೂ ಬಂದು ನಿಲ್ಲಬಹುದು."

ಭಾವ ನನ್ನ ಕಡೆ ತಿರುಗಿದರು. ನಾನು ಈರುಳ್ಳಿ ಹೆಚ್ಚಲು ಎದ್ದು ಹೋದೆ. ಅವರು ತಾವೇ ಚಿತ್ರ ತೆಗೆದು ಸುತ್ತಿಟ್ಟರು. ಮೊಳೆ ಮಾತ್ರ ಉಳಿಯಿತು.

ಹೀಗಿರುವಾಗ ಮೇಡಂ ಹೊಸ ಸುದ್ದಿ ತಂದರು. ಪ್ರದರ್ಶನ ಇಲ್ಲಿ ಮುಗಿದ ಮೇಲೆ ದೊಡ್ಡ ದೊಡ್ಡ ಊರುಗಳಿಗೆ ಹೋಗುತ್ತದೆ, ಉಲ್ಟಣ್ಣನೂ ಚಿತ್ರಗಳ ಜೊತೆಗೆ ಹೋಗಬೇಕು. ಇನ್ನು ಮೇಲೆ ಚಕ್ರ ತಿರುಗಿಸುವುದು ಬೇಡ, ಚಿತ್ರದ ಪಕ್ಕ ನಿಂತರೆ ಸಾಕು. ಕೊನೆಯ ದಿನ ಎಲ್ಲರೆದುರಿಗೆ, ಚಿತ್ರದಲ್ಲಿರುವುದು ನಾನೇ ಎಂದು ಹೇಳಿಬಿಡಬೇಕು, ಅಷ್ಟೆ. ಒತ್ತುವವನಿಗೆ ಅಂಥ ಭಾಗ್ಯ ಯಾವ ಕಾಲಕ್ಕೆ ಬಂದಿತ್ತು. ಭಾವ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಈ ಮಾತು ಹೇಳಿದರು.

ಅಕ್ಕ ಏನೂ ಹೇಳಲಿಲ್ಲ, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಅಟ್ಟದಿಂದ ಟ್ರಂಕು ಇಳಿಸಿದಳು. ಅವರ ಅಂಗಿಗಳನ್ನು ಒಂದೊಂದಾಗಿ ಮಡಿಚಿ ಇಟ್ಟಳು, ಗುಂಡಿ ಸಡಿಲವಾದದ್ದನ್ನು ಹೊಲಿದು ಇಟ್ಟಳು. ಕಡೆಗೆ ಗೋಡೆಯ ಫೋಟೋ ತೆಗೆದು, ಸೆರಗಿನಿಂದ ಒರೆಸಿ, ಅಂಗಿಗಳ ಮೇಲೆ ಬೋರಲಾಗಿ ಇಟ್ಟಳು. "ಇದನ್ನೂ ತಗೊಂಡು ಹೋಗ್ಲಿ," ಎಂದು ನನಗೆ ಹೇಳಿದಳು. "ನಾನು ಇಲ್ಲಿ ಒಬ್ಬಳೇ ಏನು ಮಾತಾಡಲಿ." ಅವಳ ಕಣ್ಣು ಒಣಗಿತ್ತು. ಅಳುವ ಅಕ್ಕನನ್ನು ನಾನು ನೋಡಿದ್ದೇನೆ, ಅದು ವಾಸಿ. ಈ ಅಕ್ಕನನ್ನು ನೋಡಿರಲಿಲ್ಲ.

ಭಾವ ಟ್ರಂಕಿನ ಮುಂದೆ ಕೂತರು. ಫೋಟೋ ತಿರುಗಿಸಿ ನೋಡಿದರು. ಅರ್ಧ ತೆರೆದ ಆ ಬಾಯಿಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು, ತಗಡು ಒರೆಸುವ ಹಾಗೆ. ಗಾಜಿನ ಮೇಲೆ ಮಸಿಯ ಗುರುತು ಉಳಿಯಿತು.

ಕೊನೆಯ ದಿನ ಚಿತ್ರಶಾಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅಕ್ಕ ಬರುವುದಿಲ್ಲ ಎಂದಿದ್ದಳು. ಆದರೆ ಭಾವ ಊಟದ ಡಬ್ಬಿ ಮರೆತು ಬಂದಿದ್ದರು. ಡಬ್ಬಿ ಹಿಡಿದು ಬಂದು ಬಾಗಿಲ ಹತ್ತಿರ ನಿಂತಳು. ಭಾವ ತಗಡಿಗೆ ಮಸಿ ತುಂಬಿ ಅಂಗೈಯಿಂದ ಒರೆಸುತ್ತಿದ್ದರು. ಕೈ ಕಪ್ಪಗಿತ್ತು. ಮೇಡಂ ಚೆನ್ನಾಗಿ ಮಾತಾಡಿದರು. ಬೇರೆ ಬೇರೆ ಕಾಲದ ಕಲಾವಿದರು ಒಬ್ಬನನ್ನೇ ಹೇಗೆ ಕಂಡರು, ಕಂಡದ್ದೇ ನಿಜವೋ ಕಾಣದ್ದು ನಿಜವೋ, ನನಗೆ ಪೂರಾ ತಿಳಿಯಲಿಲ್ಲ. ಆಮೇಲೆ ಭಾವನ ಬಲಕ್ಕೆ ಬಂದು ಕೇಳಿದರು.

"ಈಗ ನೀವೇ ಹೇಳಿ. ಚಿತ್ರದಲ್ಲಿರೋರು ನೀವೇನಾ?"

ಭಾವ ತಲೆ ಎತ್ತಿದರು. ಅಷ್ಟು ಜನ ಅವರನ್ನೇ ನೋಡುತ್ತಿದ್ದರು. ಚಿತ್ರದಲ್ಲಿ ಅಷ್ಟು ಜನ ಮೇಲೆ ನೋಡುತ್ತ ಇವರೊಬ್ಬರು ಮಾತ್ರ ನೆಟ್ಟಗೆ ನೋಡುತ್ತಿದ್ದರಲ್ಲ, ಹಾಗೆಯೇ ನೆಟ್ಟಗೆ ನೋಡಿದರು, ಜನರ ತಲೆಗಳ ನಡುವೆ, ಬಾಗಿಲ ಕಡೆಗೆ. ಅಲ್ಲಿ ಡಬ್ಬಿ ಹಿಡಿದು ಅಕ್ಕ ನಿಂತಿದ್ದಳು.

"ಆ ಚಿತ್ರದಲ್ಲಿ ಮಚ್ಚೆ ಎಲ್ಲಿದೆ?" ಎಂದು ಕೇಳಿದರು.

"ಬಲಗೆನ್ನೆ," ಎಂದರು ಮುಂದೆ ನಿಂತವರು.

"ನನ್ನದು ಎಡಗೆನ್ನೆ. ಅವನು ಬೇರೆ ಯಾರೋ."

ಮೇಡಂ ಹೇಳಿದರು, "ಆದ್ರೆ ತಿರುಗಿ ಬರುತ್ತೆ ಅಂತ ನೀವೇ ಹೇಳಿದ್ರಿ. ತಗಡಿನ ಮೇಲೆ ಎಡಕ್ಕೇ ಇದೆ."

"ತಗಡಿನ ಮೇಲಿನದು ನಮ್ಮ ಅಚ್ಚಿನ ಮನೆಯ ವಿಷಯ ಮೇಡಂ. ನೋಡೋರಿಗೆ ಕಾಗದದ ಮೇಲೆ ಬಂದದ್ದೇ ಚಿತ್ರ." ಹೀಗೆ ಹೇಳಿ ಅವರು ಮಸಿಯ ಅಂಗೈಯಿಂದ ಎಡಗೆನ್ನೆ ಒರೆಸಿಕೊಂಡರು. ಕೆನ್ನೆ ಪೂರಾ ಕಪ್ಪಾಯಿತು. ಮಚ್ಚೆ ಎಲ್ಲಿದೆ ಎಂದು ಇನ್ನು ಯಾರೂ ಹುಡುಕುವ ಹಾಗಿರಲಿಲ್ಲ.

ಜನ ಸ್ವಲ್ಪ ಹೊತ್ತು ನಿಂತರು. ಕೆಮ್ಮಿದರು. ಒಬ್ಬೊಬ್ಬರಾಗಿ ಬೇರೆ ಚಿತ್ರಗಳ ಕಡೆಗೆ ಸರಿದರು. ಹಾಗೆ ಸರಿಯುವಾಗ ಒಬ್ಬರೂ ಅವರ ಮುಖ ನೋಡಲಿಲ್ಲ. ಮೊದಲಿನ ಹಾಗೆಯೇ ಆಯಿತು. ಮೇಡಂ ಬೈಯಲಿಲ್ಲ, ನೀರು ತರಿಸಿ ಕುಡಿದರು. ನಾನು ಭಾವನನ್ನು ನೋಡಿದೆ. ಅವರು ಚಕ್ರ ಹಿಡಿದು ನಿಂತಿದ್ದರು, ತಿರುಗಿಸಲಿಲ್ಲ. ಕೈಗೆ ಬಂದದ್ದನ್ನು ಕೆಳಗಿಟ್ಟವರ ಕೈ ಒಂದಷ್ಟು ಹೊತ್ತು ಹಾಗೆಯೇ ಬಾಗಿರುತ್ತದೆ, ಹಾಗೆ ಅವರ ಬೆರಳುಗಳು ಬಾಗಿದ್ದವು.

ಮನೆಗೆ ಮೂವರೂ ನಡೆದು ಬಂದೆವು. ಭಾವ ಮುಂದೆ, ಅಕ್ಕ ಅವರ ಎಡಕ್ಕೆ, ನಾನು ಹಿಂದೆ. ಹಾಲಿನ ಅಂಗಡಿ ಬಂತು. ಅಲ್ಲಿ ಅಕ್ಕ ನಿಂತಳು. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದವಳ ಹಾಗೆ ಕಾಲು ಕೊಡವಿದಳು. ಆಮೇಲೆ ಅವರ ಬೆನ್ನ ಹಿಂದಿನಿಂದ ಸುತ್ತಿ ಬಲಕ್ಕೆ ಹೋದಳು, ಮೊಣಕೈ ಹಿಡಿದುಕೊಂಡಳು, ಕಿವಿಯ ಹತ್ತಿರ ಬಾಯಿ ತಂದಳು.

"ಈರುಳ್ಳಿ ಮುಗಿದಿದೆ," ಎಂದಳು.

"ತರ್ತೀನಿ," ಎಂದರು ಭಾವ. ಬಹಳ ದಿನದ ಮೇಲೆ ಅವರಿಗೆ ಕೇಳಿಸಿದ ಮಾತು ಅದು. ತರಕಾರಿ ಅಂಗಡಿ ಎಡಕ್ಕಿತ್ತು. ಅವರು ಬಲಕ್ಕೆ ತಿರುಗಿದರು. ಅಕ್ಕ ಅವರನ್ನು ಸರಿ ಮಾಡಲಿಲ್ಲ, ಜೊತೆಗೇ ತಿರುಗಿದಳು. ಇಬ್ಬರೂ ಊರೆಲ್ಲ ಸುತ್ತಿ ಈರುಳ್ಳಿ ತಂದಾಗ ನಾನು ಟ್ರಂಕು ಖಾಲಿ ಮಾಡಿ ಫೋಟೋ ಗೋಡೆಗೆ ಹಾಕಿಯಾಗಿತ್ತು. ಗಾಜಿನ ಮೇಲಿನ ಮಸಿಯ ಗುರುತನ್ನು ನಾನು ಒರೆಸಲಿಲ್ಲ.

ಚಿತ್ರಗಳು ಬೇರೆ ಊರಿಗೆ ಹೊರಡುವ ಮುಂಚೆ ಆ ಚೌಕದ ಚಿತ್ರದ ಇನ್ನೊಂದು ಪ್ರತಿ ಬೇಕೆಂದು ಮೇಡಂ ಹೇಳಿ ಕಳಿಸಿದರು. ಭಾವ ಮಸಿ ತುಂಬಿದರು, ಒರೆಸಿದರು, ಚಕ್ರ ತಿರುಗಿಸಿದರು. ನಾನು ಮೂಲೆ ಹಿಡಿದು ಎತ್ತಿದೆ. ಎತ್ತುತ್ತಿದ್ದವಳು ಅರ್ಧದಲ್ಲಿ ನಿಂತೆ.

ಜನ ಇದ್ದರು. ಖಾಲಿ ಆಕಾಶ ಇತ್ತು. ಆ ಹೆಂಗಸು ಅವನ ಮೊಣಕೈ ಹಿಡಿದುಕೊಂಡೇ ಇದ್ದಳು. ಅವನು ನನ್ನನ್ನು ನೋಡುತ್ತಲೇ ಇದ್ದ. ಕೆನ್ನೆಯ ಮೇಲೆ ಮಚ್ಚೆ ಇರಲಿಲ್ಲ. ಬಲಗೆನ್ನೆಯ ಮೇಲೂ ಇಲ್ಲ, ಎಡಗೆನ್ನೆಯ ಮೇಲೂ ಇಲ್ಲ.

ಭಾವ ಭೂತಗನ್ನಡಿ ಹಿಡಿದು ತಗಡು ನೋಡಿದರು. "ಒರೆಸಿ ಒರೆಸಿ ಸವೆದಿರ್ಬೇಕು," ಎಂದರು. ಸವೆಯುತ್ತದೆ, ನಿಜ. ಸಣ್ಣ ಗೀರು ಮೊದಲು ಸವೆಯುತ್ತದೆ. ಆದರೆ ಆ ಹೆಂಗಸಿನ ಕಣ್ಣಿನ ರೆಪ್ಪೆಗಳು ಕೂದಲಿಗಿಂತ ಸಣ್ಣವು, ಅವು ಒಂದೂ ಸವೆದಿರಲಿಲ್ಲ. ನಾನು ಅದನ್ನು ಹೇಳಲಿಲ್ಲ. ಭಾವನೂ ಭೂತಗನ್ನಡಿಯನ್ನು ಆ ಕಡೆ ಒಯ್ಯಲಿಲ್ಲ. "ಒಣಗಿಸೋಕೆ ಹಾಕು," ಎಂದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು. ಸೌಟಿನಿಂದ ಸಾರನ್ನು ಒಂದು ಸುತ್ತು ತಿರುವಿದಳು. ಆ ಹೆಂಗಸಿನ ಬಗ್ಗೆ ಅವಳ ದನಿ, ಮೊದಲ ದಿನ ಮೆತ್ತಗಾಗಿತ್ತಲ್ಲ, ಹಾಗೆಯೇ ಮತ್ತೆ ಮೆತ್ತಗಾಯಿತು.

"ಕೆನ್ನೇಲಿ ಮಸಿ ಇದೆ, ಒರೆಸ್ಕೊಳ್ಳಿ ಅಂತ ಮುನ್ನೂರು ವರ್ಷ ಅದನ್ನೇ ಹೇಳ್ತಿದ್ದಳು ಅನ್ನು, ಪಾಪ," ಎಂದಳು. "ಅಂತೂ ಕೇಳಿಸ್ಕೊಂಡ."